ಗಟ್ಟಿಮೇಳಕ್ಕೆ ಮುಂಚೆ: ಸಮಾರಂಭ ಮತ್ತು ಭಾವಚಿತ್ರ ಛಾಯಾಗ್ರಹಣವನ್ನು ಕೆಲಸದಲ್ಲೇ ಕಲಿಯುವ ಬಗೆ

ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ’ ಎಂದ ಕೂಡಲೇ ವಾಲಗದವರು ದನಿ ಏರಿಸುತ್ತಾರೆ, ಕುಳಿತವರು ಎದ್ದು ನಿಲ್ಲುತ್ತಾರೆ, ಮಂಟಪದ ಸುತ್ತ ಇದ್ದವರೆಲ್ಲ ಅಕ್ಷತೆ ಹಿಡಿದು ಮುಂದಕ್ಕೆ ಬಾಗುತ್ತಾರೆ. ಆಗ ಜಾಗ ಹುಡುಕಲು ಹೊರಟ ಛಾಯಾಗ್ರಾಹಕನಿಗೆ ಸಿಗುವುದು ಯಾರೋ ಚಿಕ್ಕಪ್ಪನವರ ಬೆನ್ನು ಮಾತ್ರ. ಕ್ಯಾಮೆರಾದ ಗುಂಡಿಗಳನ್ನು ಯಾವ ತರಗತಿಯಲ್ಲಾದರೂ ಕಲಿಯಬಹುದು, ಆದರೆ ಗಟ್ಟಿಮೇಳಕ್ಕೆ ಎರಡು ನಿಮಿಷ ಮುಂಚೆ ಎಲ್ಲಿ ಕುಳಿತಿರಬೇಕು ಎಂಬುದನ್ನು ಛತ್ರದಲ್ಲಿ ಕುಳಿತೇ ಕಲಿಯಬೇಕು. ಮದುವೆ, ನಾಮಕರಣ, ಗೃಹಪ್ರವೇಶ, ರಂಗಪ್ರವೇಶಗಳಂಥ ಸಮಾರಂಭಗಳನ್ನೂ ವ್ಯಕ್ತಿಗಳ ಭಾವಚಿತ್ರಗಳನ್ನೂ ತೆಗೆಯುವುದನ್ನು ವೃತ್ತಿಯಾಗಿ ಹಿಡಿಯಬೇಕೆಂದಿರುವ ಕರ್ನಾಟಕದ ಹೊಸಬರಿಗಾಗಿ, ಮೊದಲ ಒಂದೂವರೆ ಎರಡು ವರ್ಷಗಳನ್ನು ಹೇಗೆ ಕಳೆದರೆ ಕೈ ಪಳಗುತ್ತದೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಯಾರ ಕೈಕೆಳಗೆ ಸೇರಬೇಕು

ಹೊಸಬರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಒಂದು, ಊರಿನ ಬಸ್ ನಿಲ್ದಾಣದ ಬಳಿಯ ಸ್ಟುಡಿಯೋ. ಇನ್ನೊಂದು, ಬೆಂಗಳೂರು, ಮೈಸೂರು, ಮಂಗಳೂರಿನಂಥ ನಗರಗಳ ಕ್ಯಾಂಡಿಡ್ ತಂಡ, ಅಂದರೆ ಜನರನ್ನು ನಿಲ್ಲಿಸಿ ಪೋಸು ಕೊಡಿಸದೆ ಸಹಜ ಕ್ಷಣಗಳನ್ನು ತೆಗೆಯುವವರ ಗುಂಪು. ಕ್ಯಾಂಡಿಡ್ ತಂಡದಲ್ಲಿ ಒಳ್ಳೆಯ ಸಲಕರಣೆ ಮುಟ್ಟಲು ಸಿಗುತ್ತದೆ ನಿಜ, ಆದರೆ ಅಲ್ಲಿ ಕೆಲಸ ಹಂಚಿಹೋಗಿರುವುದರಿಂದ ಹೊಸಬರಿಗೆ ಇಡೀ ಕಸುಬಿನ ಒಂದು ತುಣುಕು ಮಾತ್ರ ಕಾಣುತ್ತದೆ. ಸ್ಟುಡಿಯೋದಲ್ಲಿ ಗಿರಾಕಿಯ ಜತೆ ಮಾತನಾಡುವುದರಿಂದ ಹಿಡಿದು ಆಲ್ಬಮ್‌ನ ಶೀಟ್ ಜೋಡಿಸುವವರೆಗೆ ಎಲ್ಲವೂ ಒಂದೇ ಸೂರಿನಡಿ ನಡೆಯುತ್ತದೆ. ಮೊದಲ ಆರು ತಿಂಗಳಾದರೂ ಸ್ಟುಡಿಯೋದಲ್ಲಿ ಕಳೆಯಬೇಕೆಂಬುದು ನನ್ನ ಅಭಿಪ್ರಾಯ.

ಇದಕ್ಕೆ ಮುಖ್ಯ ಕಾರಣ ಪಾಸ್‌ಪೋರ್ಟ್ ಅಳತೆಯ ಫೋಟೋ. 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರದ ಆ ಚಿತ್ರವನ್ನು ಅನೇಕರು ಬೇಸರದ ಕೆಲಸವೆಂದು ತಿಳಿಯುತ್ತಾರೆ. ವಾಸ್ತವವಾಗಿ ಭಾವಚಿತ್ರ ಕಲಿಯಲು ಅದಕ್ಕಿಂತ ಅಗ್ಗದ ಅವಕಾಶ ಬೇರೆ ಇಲ್ಲ. ಶಾಲೆಗೆ ಸೇರುವ ಮಗು, ಪಿಂಚಣಿ ಅರ್ಜಿ ಹಿಡಿದು ಬಂದ ಅಜ್ಜ, ಪರೀಕ್ಷೆಗೆ ಅರ್ಜಿ ಹಾಕುವ ಹುಡುಗಿ ಹೀಗೆ ದಿನವಿಡೀ ಬೇರೆ ಬೇರೆ ಮುಖಗಳು ಎದುರಿಗೆ ಬಂದು ಕೂರುತ್ತವೆ, ಪ್ರತಿಯೊಂದಕ್ಕೂ ಸಿಗುವುದು ಎರಡೇ ನಿಮಿಷ. ಕನ್ನಡಕದ ಗಾಜಿನಲ್ಲಿ ಬೆಳಕು ಮಿಂಚಿದರೆ ದೀಪವನ್ನು ಎಷ್ಟು ಮೇಲಕ್ಕೆತ್ತಬೇಕು, ಗಲ್ಲ ತೀರಾ ಮೇಲೆತ್ತಿ ಕುಳಿತವರಿಗೆ ಏನು ಹೇಳಬೇಕು, ಕ್ಯಾಮೆರಾ ಕಂಡೊಡನೆ ಸೆಟೆದುಕೊಳ್ಳುವ ಭುಜವನ್ನು ಯಾವ ಮಾತಿನಿಂದ ಇಳಿಸಬೇಕು ಎಂಬುದೆಲ್ಲ ಅಲ್ಲಿಯೇ ತಿಳಿಯುತ್ತದೆ.

ಸೇರುವ ಮೊದಲು ಮೂರು ಸಂಗತಿಗಳನ್ನು ಬಾಯಿಬಿಟ್ಟು ಕೇಳಿಕೊಳ್ಳಿ: ದಿನಕ್ಕೆ ಎಷ್ಟು ಕೊಡುತ್ತಾರೆ, ಹೊರ ಊರಿನ ಕೆಲಸಕ್ಕೆ ಓಡಾಟ ಮತ್ತು ಊಟದ ಖರ್ಚು ಯಾರದು, ನೀವು ತೆಗೆದ ಚಿತ್ರಗಳನ್ನು ನಿಮ್ಮ ಮಾದರಿ ಆಲ್ಬಮ್‌ನಲ್ಲಿ ಇಟ್ಟುಕೊಳ್ಳಬಹುದೇ. ಮೂರನೆಯದನ್ನು ಕೇಳಲು ಹೆಚ್ಚಿನವರು ಸಂಕೋಚಪಟ್ಟು, ವರ್ಷದ ಕೊನೆಗೆ ತೋರಿಸಲು ಒಂದು ಚಿತ್ರವೂ ಇಲ್ಲದೆ ಪೇಚಾಡುತ್ತಾರೆ. ಕರಾವಳಿಯವರಾದರೆ ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್ ಮೂಲಕ ವೃತ್ತಿಯವರ ಪರಿಚಯ ಮಾಡಿಕೊಳ್ಳಬಹುದು. ಬೆಂಗಳೂರಿನವರಿಗೆ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಹವ್ಯಾಸಿಗಳ ಸಂಘಗಳಿವೆ. ಸಂಘದಲ್ಲಿ ಕೆಲಸ ಸಿಗದಿದ್ದರೂ ನಿಮ್ಮ ಚಿತ್ರದ ತಪ್ಪನ್ನು ಮುಲಾಜಿಲ್ಲದೆ ಹೇಳುವವರು ಸಿಗುತ್ತಾರೆ.

ಹಂತ 2: ದೀಪ ಹಿಡಿಯುವ ತಿಂಗಳುಗಳು

ಮೊದಲ ಹತ್ತು ಹದಿನೈದು ಮದುವೆಗಳಲ್ಲಿ ನಿಮ್ಮ ಕೈಗೆ ಕ್ಯಾಮೆರಾ ಬರುವುದಿಲ್ಲ, ದೀಪ ಬರುತ್ತದೆ. ಇದನ್ನು ಅವಮಾನವೆಂದು ತಿಳಿಯಬಾರದು. ದೀಪ ಹಿಡಿದವನಿಗೆ ಹಿರಿಯ ಛಾಯಾಗ್ರಾಹಕನ ಕಣ್ಣು ಎತ್ತ ಹೋಗುತ್ತದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಅವರು ಗುಂಡಿ ಒತ್ತುವ ಕ್ಷಣಕ್ಕಿಂತ ಜಾಗ ಬದಲಿಸುವ ಕ್ಷಣವನ್ನು ಗಮನಿಸಿ: ಅಂತರಪಟ ಹಿಡಿಯುವ ಮುಂಚೆಯೇ ಅವರು ಯಾವ ಕಂಬದ ಬಳಿ ಸರಿದರು, ಹುಡುಗಿಯ ತಾಯಿ ಕಣ್ಣೊರೆಸಿಕೊಳ್ಳುತ್ತಾರೆಂದು ಅವರಿಗೆ ಹೇಗೆ ಮೊದಲೇ ಹೊಳೆಯಿತು. ರಾತ್ರಿ ಮನೆಗೆ ಬಂದು ಒಂದು ನೋಟ್‌ಬುಕ್ಕಿನಲ್ಲಿ ಇದನ್ನು ನಾಲ್ಕು ಸಾಲು ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ.

ಬ್ಯಾಟರಿ, ಕಾರ್ಡು, ಗಡಿಯಾರ ಈ ಮೂರರ ಉಸ್ತುವಾರಿಯನ್ನು ನೀವಾಗಿಯೇ ವಹಿಸಿಕೊಳ್ಳಿ. ಗಡಿಯಾರವೆಂದರೆ ಕ್ಯಾಮೆರಾದೊಳಗಿನದು. ತಂಡದಲ್ಲಿ ಎರಡು ಮೂರು ಕ್ಯಾಮೆರಾಗಳಿದ್ದರೆ ಬೆಳಗ್ಗೆಯೇ ಎಲ್ಲದರಲ್ಲೂ ಒಂದೇ ಸಮಯ ಹೊಂದಿಸಬೇಕು. ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಸಮಯದ ಪ್ರಕಾರ ಜೋಡಿಸಿದಾಗ ಒಂದು ಕ್ಯಾಮೆರಾದ ಸಪ್ತಪದಿ ಇನ್ನೊಂದರ ಕಾಶಿಯಾತ್ರೆಗಿಂತ ಮೊದಲು ಬಂದು ಕೂರುತ್ತದೆ, ಆಲ್ಬಮ್ ಮಾಡುವವರು ಸಾವಿರಾರು ಚಿತ್ರಗಳನ್ನು ಕೈಯಿಂದ ವಿಂಗಡಿಸಬೇಕಾಗುತ್ತದೆ.

ಹಂತ 3: ಛತ್ರದ ಬೆಳಕನ್ನು ಅರಿಯುವುದು

ಹೊಸಬರು ಹೆಚ್ಚು ಎಡವುವುದು ಇಲ್ಲಿಯೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಲ್ಯಾಣ ಮಂಟಪದಲ್ಲಿ ಒಂದೇ ಬಗೆಯ ಬೆಳಕು ಇರುವುದೇ ಇಲ್ಲ. ಮೇಲೆ ಎಲ್ಇಡಿ, ಮಂಟಪದ ಹೂವಿನ ನಡುವೆ ಹಳದಿ ಬಲ್ಬು, ವಿಡಿಯೋದವರ ಬಿಳಿ ದೀಪ, ಪಕ್ಕದ ಕಿಟಕಿಯಿಂದ ಹಗಲು ಬೆಳಕು, ಸಾಲದ್ದಕ್ಕೆ ಶಾಮಿಯಾನದ ಕೆಂಪು ಬಟ್ಟೆಯಿಂದ ಸೋಸಿ ಬರುವ ಕೆಂಪು. ಇಂಥ ಕಡೆ ವೈಟ್ ಬ್ಯಾಲೆನ್ಸನ್ನು, ಅಂದರೆ ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಹೊಂದಿಸುವ ಕೆಲಸವನ್ನು, ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಬೇರೆ ತೀರ್ಮಾನ ಮಾಡುತ್ತದೆ. ಒಂದೇ ಆರತಿಯ ಐದು ಚಿತ್ರಗಳಲ್ಲಿ ಮದುಮಗಳ ಮುಖ ಐದು ಬಣ್ಣಕ್ಕೆ ತಿರುಗುತ್ತದೆ. ಆ ಜಾಗಕ್ಕೆ ಸರಿಹೊಂದುವ ಕೆಲ್ವಿನ್ ಸಂಖ್ಯೆಯೊಂದನ್ನು (ಬೆಳಕಿನ ಬಣ್ಣದ ಅಳತೆ) ಗೊತ್ತುಮಾಡಿ, ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಕಡತ) ತೆಗೆದರೆ, ತಪ್ಪಾಗಿದ್ದರೂ ಎಲ್ಲ ಚಿತ್ರಗಳಲ್ಲಿ ಒಂದೇ ತಪ್ಪಿರುತ್ತದೆ ಮತ್ತು ಅದನ್ನು ಒಟ್ಟಿಗೆ ತಿದ್ದಬಹುದು.

ಎರಡನೆಯದು ಪಟ್ಟೆಯ ಸಮಸ್ಯೆ. ನಮ್ಮ ವಿದ್ಯುತ್ ಪೂರೈಕೆ 50 ಹರ್ಟ್ಸ್‌ನದು. ಅದರಿಂದ ನೇರವಾಗಿ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಏರಿಳಿಯುತ್ತವೆ. ಅದು ಕಣ್ಣಿಗೆ ಕಾಣದಿದ್ದರೂ ಕ್ಯಾಮೆರಾಕ್ಕೆ ಕಾಣುತ್ತದೆ. ಶಟರ್ ವೇಗ ಹೆಚ್ಚಾದಾಗ, ಅಂದರೆ ಶಟರ್ ತೆರೆದಿರುವ ಹೊತ್ತು ಕಡಿಮೆಯಾದಾಗ, ಚಿತ್ರದ ಮೇಲೆ ಕಪ್ಪು ಅಥವಾ ಕಂದು ಪಟ್ಟೆಗಳು ಮೂಡಿದರೆ, ವೇಗವನ್ನು 1/100 ಅಥವಾ 1/50 ಸೆಕೆಂಡಿಗೆ ಇಳಿಸಿ ನೋಡಿ, ಬಹುಮಟ್ಟಿಗೆ ಸರಿಹೋಗುತ್ತದೆ. ಆದರೆ 1/50ರಲ್ಲಿ ಅಕ್ಷತೆ ಎಸೆಯುವ ಕೈ ಮಸುಕಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಹಿಂದಿನ ಪರದೆಯಾಗಿ ಎಲ್ಇಡಿ ಗೋಡೆ ಇಟ್ಟಿರುವ ಆರತಕ್ಷತೆಗಳಲ್ಲಿ ಯಾವ ವೇಗ ಹೊಂದುತ್ತದೆಂದು ಜನ ಬರುವ ಮುಂಚೆಯೇ ಹೋಗಿ ಹತ್ತು ಚಿತ್ರ ತೆಗೆದು ನೋಡುವುದೊಂದೇ ಉಪಾಯ.

ಫ್ಲ್ಯಾಷ್ ವಿಚಾರದಲ್ಲಿ, ಮನೆಯ ಬಿಳಿ ತಾರಸಿಗೆ ಬೆಳಕು ಚಿಮ್ಮಿಸಿ ಅಭ್ಯಾಸ ಮಾಡಿದವರು ಛತ್ರಕ್ಕೆ ಬಂದು ಅದನ್ನೇ ಮಾಡಿದರೆ ಕೆಲಸವಾಗುವುದಿಲ್ಲ, ಏಕೆಂದರೆ ಅಲ್ಲಿನ ಮಾಡು ಇಪ್ಪತ್ತು ಅಡಿ ಮೇಲಿರುತ್ತದೆ ಅಥವಾ ಬಣ್ಣದ ಬಟ್ಟೆಯಿಂದ ಮುಚ್ಚಿರುತ್ತದೆ. ಸ್ಟ್ಯಾಂಡಿನ ಮೇಲೆ ಕೊಡೆಯೊಡನೆ ಒಂದು ದೀಪವನ್ನು ವೇದಿಕೆಯ ಓರೆಯಲ್ಲಿಟ್ಟು, ಕ್ಯಾಮೆರಾದ ಮೇಲಿನ ಟ್ರಿಗರ್‌ನಿಂದ ಉರಿಸುವುದು ಉತ್ತಮ. ಬಹುತೇಕ ಕ್ಯಾಮೆರಾಗಳು ಫ್ಲ್ಯಾಷ್ ಜತೆ 1/200 ಅಥವಾ 1/250ರವರೆಗೆ ಮಾತ್ರ ಹೊಂದಿಕೊಳ್ಳುತ್ತವೆ. ಅದನ್ನು ಮೀರಿದರೆ ಚಿತ್ರದ ಒಂದು ಭಾಗ ಕಪ್ಪಾಗುತ್ತದೆ. ಹೋಮದ ಹೊಗೆ ಎದ್ದಾಗ ಫ್ಲ್ಯಾಷ್ ಬಳಸದಿರುವುದೇ ಲೇಸು, ಬೆಳಕು ಹೊಗೆಯನ್ನೇ ಬೆಳಗಿಸಿ ಅದರ ಹಿಂದಿನ ಮುಖಗಳನ್ನು ಮರೆಮಾಡುತ್ತದೆ.

ಬಟ್ಟೆಗಳ ಬಗ್ಗೆ ಒಂದು ಮಾತು. ಮದುಮಗನ ಬಿಳಿ ಪಂಚೆ ಚೌಕಟ್ಟಿನ ಬಹುಪಾಲು ತುಂಬಿದಾಗ ಕ್ಯಾಮೆರಾ ಮೋಸಹೋಗಿ ಚಿತ್ರವನ್ನು ಕಪ್ಪಾಗಿಸುತ್ತದೆ. ಮದುಮಗಳ ಗಾಢ ಬಣ್ಣದ ರೇಷ್ಮೆ ಸೀರೆ ತುಂಬಿದಾಗ ಅಗತ್ಯಕ್ಕಿಂತ ಬೆಳ್ಳಗಾಗಿಸುತ್ತದೆ. ಇಬ್ಬರೂ ಅಕ್ಕಪಕ್ಕ ಕುಳಿತಿರುವಾಗ ಮ್ಯಾನ್ಯುಯಲ್‌ನಲ್ಲಿ ಇಟ್ಟುಕೊಂಡು, ಮುಖಕ್ಕೆ ಬೇಕಾದಷ್ಟು ಬೆಳಕನ್ನು ಒಮ್ಮೆ ಅಳೆದು ಅಲ್ಲಿಯೇ ನಿಲ್ಲಿಸಿ. ಆರಂಭಕ್ಕೆ ಲೆನ್ಸಿನ ರಂಧ್ರ f/2.8 ರಿಂದ f/4 (ಈ ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಚಿಕ್ಕದು, ಸ್ಪಷ್ಟವಾಗಿ ಬರುವ ಆಳ ಹೆಚ್ಚು), ಶಟರ್ ವೇಗ 1/200 ಅಥವಾ ಪಟ್ಟೆ ಬಂದರೆ 1/100, ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಅಳತೆಯಾದ ಐಎಸ್‌ಒ 1600 ರಿಂದ 3200 ಎಂಬ ಅಂದಾಜಿನಿಂದ ಹೊರಡಬಹುದು. ವೇದಿಕೆಯ ಮೇಲೆ ಎರಡು ಮೂರು ಸಾಲಿನ ಬಂಧುಗಳ ಗುಂಪಿಗೆ f/5.6 ಆದರೂ ಬೇಕು, ಇಲ್ಲವಾದರೆ ಹಿಂದಿನ ಸಾಲಿನ ಸೋದರತ್ತೆಯ ಮುಖ ಮಸುಕಾಗಿ, ಆ ದೂರು ವರ್ಷಗಟ್ಟಲೆ ಉಳಿಯುತ್ತದೆ.

ಹಂತ 4: ಶಾಸ್ತ್ರದ ಕ್ರಮ ಬಾಯಿಪಾಠವಾಗಲಿ

ನಾಂದಿ, ವರಪೂಜೆ, ಕಾಶಿಯಾತ್ರೆ, ಅಂತರಪಟ, ಜೀರಿಗೆ-ಬೆಲ್ಲ, ಧಾರೆ, ಮಾಂಗಲ್ಯಧಾರಣೆ, ಲಾಜಾಹೋಮ, ಸಪ್ತಪದಿ, ಅರುಂಧತಿ ದರ್ಶನ, ಮನೆ ತುಂಬಿಸುವುದು: ಇವುಗಳ ಕ್ರಮ ಮತ್ತು ಪ್ರತಿಯೊಂದಕ್ಕೂ ಹಿಡಿಯುವ ಹೊತ್ತು ಸಮುದಾಯದಿಂದ ಸಮುದಾಯಕ್ಕೆ, ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ಕೊಡವರ ಮದುವೆಯಲ್ಲಿ ಪುರೋಹಿತರೇ ಇರುವುದಿಲ್ಲ, ಹಿರಿಯರೇ ನಡೆಸಿಕೊಡುತ್ತಾರೆ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ವಿಧಿ ಬಹಳ ಚಿಕ್ಕದು. ‘ಹೇಗೂ ಒಂದೆರಡು ಗಂಟೆ ಇದೆಯಲ್ಲ’ ಎಂದು ತಿಂಡಿಗೆ ಹೋದ ಛಾಯಾಗ್ರಾಹಕ ಮರಳಿ ಬರುವಷ್ಟರಲ್ಲಿ ಮದುವೆಯೇ ಮುಗಿದಿರಬಹುದು. ನಿಕಾಹ್ ಅಥವಾ ಚರ್ಚಿನ ಮದುವೆಗೆ ಹೋಗುವುದಾದರೆ ಎಲ್ಲಿಯವರೆಗೆ ಹೋಗಬಹುದು, ಯಾವಾಗ ಫ್ಲ್ಯಾಷ್ ಕೂಡದು, ಹೆಂಗಸರ ಕಡೆಯ ಚಿತ್ರಗಳನ್ನು ಯಾರು ತೆಗೆಯಬೇಕು ಎಂಬುದನ್ನು ಹಿಂದಿನ ದಿನವೇ ಮನೆಯ ಹಿರಿಯರನ್ನು ಕೇಳಿ ತಿಳಿಯಿರಿ.

ಕೆಲಸ ಆರಂಭವಾಗುವ ಮುಂಚೆ ಪುರೋಹಿತರ ಬಳಿ ಹೋಗಿ, ನಮಸ್ಕರಿಸಿ, ಎರಡೇ ಪ್ರಶ್ನೆ ಕೇಳಿ: ‘ಧಾರೆಯ ಹೊತ್ತಿಗೆ ಹುಡುಗ ಯಾವ ಕಡೆ ಮುಖ ಮಾಡಿ ನಿಲ್ಲುತ್ತಾನೆ? ತಾಳಿ ಕಟ್ಟುವಾಗ ತಾವು ಯಾವ ಬದಿಗಿರುತ್ತೀರಿ?’ ಹೀಗೆ ಕೇಳಿದವರಿಗೆ ಪುರೋಹಿತರು ಅರ್ಧ ಹೆಜ್ಜೆ ಸರಿದು ಜಾಗ ಬಿಟ್ಟುಕೊಡುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಕೇಳದವರು ಅವರ ಶಲ್ಯದ ಚಿತ್ರ ತೆಗೆದುಕೊಂಡು ಹೋಗುತ್ತಾರೆ.

ಮಂಟಪದ ಅಂಚಿನಲ್ಲಿ ಕುಳಿತೇ ಕೆಲಸ ಮಾಡುವುದನ್ನು ರೂಢಿಸಿಕೊಳ್ಳಿ. ನಿಂತ ಛಾಯಾಗ್ರಾಹಕ ಹಿಂದೆ ಕುಳಿತ ಇಡೀ ಬಂಧುಬಳಗಕ್ಕೆ ಅಡ್ಡವಾಗುತ್ತಾನೆ. ಚಪ್ಪಲಿ ಕಳಚಿರಬೇಕು, ರಂಗೋಲಿ ತುಳಿಯಬಾರದು, ಕಲಶ ಮತ್ತು ಹೋಮಕುಂಡಕ್ಕೆ ದೀಪದ ವೈರು ತಾಗಬಾರದು. ಲೆನ್ಸಿಗೆ ಹುಡ್ ಹಾಕಿಯೇ ಇರಿ, ಅಕ್ಷತೆಯ ಅಕ್ಕಿ ಮತ್ತು ಅರಿಸಿನ ಗಾಜಿಗೆ ಬಡಿಯುವುದು ತಪ್ಪುತ್ತದೆ. ಗಟ್ಟಿಮೇಳದ ಹೊತ್ತಿಗೆ ಕಾರ್ಡಿನಲ್ಲಿ ನೂರು ಚಿತ್ರಗಳಿಗಾದರೂ ಜಾಗ ಇರಬೇಕು, ಬ್ಯಾಟರಿ ಹೊಸದಾಗಿರಬೇಕು. ಅರ್ಧ ತುಂಬಿದ್ದನ್ನು ‘ಇನ್ನೂ ಇದೆಯಲ್ಲ’ ಎಂದು ಉಳಿಸಿಕೊಳ್ಳುವ ಜಿಪುಣತನ ಆ ಐದು ನಿಮಿಷಕ್ಕೆ ಸಲ್ಲದು.

ಎರಡನೆಯ ಕ್ಯಾಮೆರಾ ನಿಮ್ಮ ಕೈಗೆ ಬರುವುದು ಈ ಹಂತದಲ್ಲಿ. ಆಗ ಹಿರಿಯರು ತೆಗೆಯುತ್ತಿರುವುದನ್ನೇ ಅವರ ಭುಜದ ಮೇಲಿಂದ ತೆಗೆಯಬೇಡಿ. ಅವರು ತಾಳಿಯನ್ನು ನೋಡುತ್ತಿದ್ದರೆ ನೀವು ಹುಡುಗಿಯ ತಂದೆಯನ್ನು ನೋಡಿ.

ಹಂತ 5: ಭಾವಚಿತ್ರವನ್ನು ಬಿಡುವಿನಲ್ಲಿ ಕಲಿಯುವುದು

ಸಮಾರಂಭ ನಿಮ್ಮನ್ನು ಓಡಿಸುತ್ತದೆ, ಭಾವಚಿತ್ರಕ್ಕೆ ನೀವೇ ನಿಂತುಕೊಳ್ಳಬೇಕು. ಇದಕ್ಕೆ ದುಬಾರಿ ಸಲಕರಣೆ ಬೇಡ: 50 ಎಂಎಂ f/1.8 ಲೆನ್ಸು ಒಂದು ಸಾಕು. ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ ಅದು ಸುಮಾರು 75 ರಿಂದ 80 ಎಂಎಂನಷ್ಟು ನೋಟ ಕೊಡುವುದರಿಂದ ಮುಖ ಹಿಗ್ಗದೆ, ಕುಗ್ಗದೆ ಬರುತ್ತದೆ. ಬೆಳಗಿನ ಹೊತ್ತು ಹಳೆಯ ಮನೆಯ ಜಗಲಿಯಲ್ಲೋ ಪಡಸಾಲೆಯ ಬಾಗಿಲ ಬಳಿಯಲ್ಲೋ ವ್ಯಕ್ತಿಯನ್ನು ಕೂರಿಸಿ, ಬೆಳಕು ಬರುವ ಕಡೆಗೆ ಮುಖವನ್ನು ನಿಧಾನವಾಗಿ ತಿರುಗಿಸುತ್ತ, ಮೂಗಿನ ನೆರಳು ಎಲ್ಲಿ ಬೀಳುತ್ತದೆಂದು ನೋಡಿ. ಒಂದೇ ಮುಖವನ್ನು ಒಂದೇ ಬಾಗಿಲಿನಲ್ಲಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ತೆಗೆದು ಪಕ್ಕಪಕ್ಕ ಇಟ್ಟು ನೋಡಿದರೆ, ಒಂದು ವಾರದ ತರಗತಿಗೆ ಸಮನಾದ ಪಾಠ ಸಿಗುತ್ತದೆ.

ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ, 1977ರಲ್ಲಿ ಪದ್ಮಶ್ರೀ ಪಡೆದ ಟಿ.ಎಸ್. ಸತ್ಯನ್ ಅವರು ಪತ್ರಿಕಾ ಛಾಯಾಗ್ರಾಹಕರಾಗಿದ್ದು ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ಚಿತ್ರಿಸಿದವರು. ಅವರ ಚಿತ್ರಗಳು ಸಿಕ್ಕಿದಲ್ಲಿ, ಬೆಳಕು ಯಾವ ಕಡೆಯಿಂದ ಬಂದಿದೆ, ಅವರು ಎಷ್ಟು ಹತ್ತಿರ ನಿಂತಿರಬಹುದು ಎಂದು ಊಹಿಸುತ್ತ ನೋಡಿ.

ಮಾತಿನ ಕೆಲಸ ದೊಡ್ಡದು. ‘ಸ್ಮೈಲ್ ಮಾಡಿ’ ಎಂದರೆ ನಮ್ಮ ಹಿರಿಯರು ತುಟಿ ಬಿಗಿಹಿಡಿಯುತ್ತಾರೆ. ‘ಅಜ್ಜಿ, ಈ ಸರ ಯಾವಾಗ ಮಾಡಿಸಿದ್ದು?’ ಎಂದು ಕೇಳಿದರೆ ಕಣ್ಣು ತಾನಾಗಿ ಅರಳುತ್ತದೆ. ಕೈಗಳಿಗೆ ಏನಾದರೂ ಕೆಲಸ ಕೊಡಿ: ಸೆರಗು, ಎಲೆಯಡಿಕೆ ತಟ್ಟೆ, ಮೊಮ್ಮಗುವಿನ ಬೆರಳು. ಇನ್ನೊಂದು ಸೂಕ್ಷ್ಮ ಸಂಗತಿ: ಯಾವುದೇ ಸಮಾರಂಭದಲ್ಲಿ ಅಜ್ಜ ಅಜ್ಜಿಯರ ಭಾವಚಿತ್ರವನ್ನು ಅವರು ದಣಿಯುವ ಮುಂಚೆ, ಬೆಳಗ್ಗೆಯೇ ಒಬ್ಬೊಬ್ಬರದಾಗಿ ತೆಗೆದಿಡಿ. ಮನೆಯವರು ಆಗ ಅದನ್ನು ಕೇಳಿರುವುದಿಲ್ಲ. ಕೆಲವು ವರ್ಷಗಳ ನಂತರ ಗೋಡೆಗೆ ಹಾಕಲು ದೊಡ್ಡದಾಗಿ ಪ್ರಿಂಟ್ ಬೇಕೆಂದು ಅವರೇ ಫೋನ್ ಮಾಡುತ್ತಾರೆ, ಯಾಕೆಂದು ನೀವು ಕೇಳಬೇಕಾಗಿಯೂ ಇರುವುದಿಲ್ಲ.

ಹಂತ 6: ಸ್ವಂತವಾಗಿ ಒಪ್ಪಿಕೊಳ್ಳುವ ಮೊದಲ ಕೆಲಸಗಳು

ಸ್ನೇಹಿತನ ಮದುವೆಯನ್ನು ಪುಕ್ಕಟೆಯಾಗಿ ಒಬ್ಬರೇ ತೆಗೆದುಕೊಡುತ್ತೇನೆಂದು ಒಪ್ಪಿಕೊಳ್ಳುವುದು ಹೊಸಬರು ಮಾಡುವ ಅತಿ ದೊಡ್ಡ ತಪ್ಪು. ಹಣ ಪಡೆಯದಿದ್ದ ಮಾತ್ರಕ್ಕೆ ಹೊಣೆ ಕಡಿಮೆಯಾಗುವುದಿಲ್ಲ, ಮುಹೂರ್ತವಂತೂ ಎರಡನೆಯ ಸಲ ಬರುವುದಿಲ್ಲ. ನಾಮಕರಣ, ಸೀಮಂತ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವಗಳಿಂದ ಆರಂಭಿಸಿ. ಇವುಗಳ ಗತಿ ನಿಧಾನ, ಚೂರು ತಪ್ಪಿದರೂ ಇನ್ನೊಮ್ಮೆ ನಿಲ್ಲಿಸಿ ತೆಗೆಯಬಹುದು. ವೇದಿಕೆಯ ಬೆಳಕಿನ ಅಭ್ಯಾಸಕ್ಕೆ ಕರಾವಳಿ ಮಲೆನಾಡಿನವರಿಗೆ ಯಕ್ಷಗಾನಕ್ಕಿಂತ ಒಳ್ಳೆಯ ಶಾಲೆಯಿಲ್ಲ. ನವೆಂಬರಿನಿಂದ ಮೇ ತಿಂಗಳವರೆಗಿನ ತಿರುಗಾಟದಲ್ಲಿ ಆಟ ಹುಡುಕಿಕೊಂಡು ಹೋಗಿ, ಕುಣಿಯುವ ವೇಷ ಸ್ಪಷ್ಟವಾಗಿ ಬರಲು ಎಷ್ಟು ವೇಗ ಬೇಕೆಂದು ನೀವೇ ಕಂಡುಕೊಳ್ಳಿ.

ಸ್ವಂತ ಕ್ಯಾಮೆರಾ ಕೊಳ್ಳುವ ಹೊತ್ತು ಬಂದಾಗ ಹಳೆಯ ಬಾಡಿಯೇ (ಲೆನ್ಸಿಲ್ಲದ ಕ್ಯಾಮೆರಾ) ಸಾಕು; ಶಟರ್ ಎಣಿಕೆ, ಅಂದರೆ ಈವರೆಗೆ ಶಟರ್ ತೆರೆದ ಸಲಗಳ ಸಂಖ್ಯೆ, ಎಷ್ಟಾಗಿದೆಯೆಂದು ಮಾತ್ರ ನೋಡಿ. ಆರಂಭಿಕ ಮಟ್ಟದ ಅನೇಕ ಡಿಎಸ್‌ಎಲ್ಆರ್‌ಗಳ ಶಟರಿಗೆ 1 ಲಕ್ಷದ ಆಸುಪಾಸಿನ ಆಯುಸ್ಸು ಹೇಳಲಾಗುತ್ತದೆ, ಮದುವೆಗೆ ಎರಡು ಮೂರು ಸಾವಿರದಂತೆ ಅದು ಬೇಗ ಕರಗುತ್ತದೆ. ದೂರದ್ದನ್ನು ಹತ್ತಿರ ತೋರಿಸುವ 70-200 ಎಂಎಂನಂಥ ದುಬಾರಿ ಲೆನ್ಸನ್ನು ಬೇಕಾದ ದಿನಕ್ಕೆ ಬಾಡಿಗೆಗೆ ತನ್ನಿ. ಆದರೆ ಸ್ವಂತ ಮದುವೆ ಕೆಲಸ ಒಪ್ಪಿಕೊಳ್ಳುವ ದಿನದಿಂದ ಎರಡು ಬಾಡಿ ಇರಲೇಬೇಕು, ಎರಡನೆಯದು ಬಾಡಿಗೆಯದಾದರೂ ಸರಿ.

ಹಂತ 7: ಅದೇ ರಾತ್ರಿಯ ಕೆಲಸ

ನಾನು ಸಹಾಯಕನಾಗಿದ್ದ ಮೊದಲ ವರ್ಷ, ಆರತಕ್ಷತೆಯ ನಡುವೆ ಕಾರ್ಡು ಬದಲಿಸುವ ಅವಸರದಲ್ಲಿ, ಬೆಳಗಿನ ಚಿತ್ರಗಳಿದ್ದ ಕಾರ್ಡನ್ನೇ ಖಾಲಿಯೆಂದು ತಿಳಿದು ಫಾರ್ಮ್ಯಾಟ್ ಮಾಡಿದ್ದೆ. ತಕ್ಷಣ ಅದನ್ನು ತೆಗೆದಿಟ್ಟು, ಮೇಲೆ ಏನನ್ನೂ ಬರೆಯದೆ, ಮರುದಿನ ರಿಕವರಿ ತಂತ್ರಾಂಶದಿಂದ ಬಹುಪಾಲು ಚಿತ್ರಗಳನ್ನು ಮರಳಿ ಪಡೆದೆವು. ನಾಂದಿಯ ಕೆಲವು ಚಿತ್ರಗಳು ಮಾತ್ರ ಹೋದವು. ಅಂದಿನಿಂದ ತುಂಬಿದ ಕಾರ್ಡು ಬಲಗಡೆಯ ಜೇಬಿಗೆ ತಲೆಕೆಳಗಾಗಿ, ಖಾಲಿಯದು ಎಡಕ್ಕೆ ಎಂಬ ನಿಯಮವನ್ನು ಮುರಿದಿಲ್ಲ. ಎರಡು ಕಾರ್ಡು ಕೂರುವ ಕ್ಯಾಮೆರಾವಾದರೆ ಎರಡರಲ್ಲೂ ಒಂದೇ ಚಿತ್ರ ದಾಖಲಾಗುವಂತೆ ಇಡಿ. ರಾತ್ರಿ ಎಷ್ಟೇ ದಣಿದಿರಲಿ, ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿ. ಆಲ್ಬಮ್ ಗಿರಾಕಿಯ ಕೈ ಸೇರುವವರೆಗೆ ಯಾವ ಪ್ರತಿಯನ್ನೂ ಅಳಿಸಬೇಡಿ.

ಆಯ್ಕೆಯ ಕೆಲಸದಲ್ಲಿ ಹೊಸಬರಿಗೆ ಕರುಣೆ ಜಾಸ್ತಿ. ಮೂರು ಸಾವಿರದಲ್ಲಿ ನಾಲ್ಕೈದು ನೂರು ಉಳಿಸಿ, 12×36 ಇಂಚಿನ ಕರಿಷ್ಮಾ ಆಲ್ಬಮ್‌ನ (ಚಿತ್ರಗಳನ್ನು ಅಂಟಿಸದೆ ಹಾಳೆಯ ಮೇಲೆಯೇ ಮುದ್ರಿಸಿದ ಆಲ್ಬಮ್) ಒಂದು ಶೀಟಿನಲ್ಲಿ ಒಂದು ದೊಡ್ಡ ಚಿತ್ರಕ್ಕೆ ಪ್ರಾಧಾನ್ಯ ಕೊಟ್ಟು, ಉಳಿದವನ್ನು ಸುತ್ತ ಸಣ್ಣದಾಗಿ ಜೋಡಿಸಿ. ಮುಖವನ್ನು ಬೆಳ್ಳಗೆ ಮಾಡುವ ಹಾವಳಿಯಿಂದ ದೂರವಿರಿ. ಮನೆಯವರು ಕೇಳಿದರೂ, ಚರ್ಮದ ನಿಜವಾದ ಬಣ್ಣ ಉಳಿಸಿಕೊಂಡ ಪ್ರತಿಯನ್ನು ಮೊದಲು ತೋರಿಸಿ ನೋಡಿ. ಹಲವರು ಅದನ್ನೇ ಒಪ್ಪುತ್ತಾರೆ.

ಹಂತ 8: ಕಾಗದದ ಮೇಲಿನ ಮಾತು

ನಮ್ಮಲ್ಲಿ ಬಾಯಿಮಾತಿನ ಮೇಲೆಯೇ ಬಹಳಷ್ಟು ಕೆಲಸ ನಡೆಯುತ್ತದೆ. ಆದರೂ ಒಂದು ಪುಟದ ಕನ್ನಡದ ಪತ್ರ ಇಬ್ಬರಿಗೂ ಕ್ಷೇಮ: ಯಾವ ದಿನ, ಎಷ್ಟು ಹೊತ್ತು, ಎಷ್ಟು ಶೀಟಿನ ಆಲ್ಬಮ್, ಅಡ್ವಾನ್ಸ್ ಎಷ್ಟು, ಬಾಕಿ ಯಾವಾಗ, ಚಿತ್ರಗಳನ್ನು ಎಷ್ಟು ಕಾಲ ಕಾಪಾಡುತ್ತೀರಿ. ಇದರಲ್ಲಿ ಇನ್ನೊಂದು ಸಾಲು ತಪ್ಪದೆ ಇರಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನ ಪ್ರಕಾರ, ಒಬ್ಬರ ಕೋರಿಕೆಯ ಮೇಲೆ ಹಣ ಪಡೆದು ತೆಗೆದ ಛಾಯಾಚಿತ್ರದ ಮೊದಲ ಹಕ್ಕುದಾರರು, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದವರೇ ಆಗುತ್ತಾರೆ. ಆದ್ದರಿಂದ ಚಿತ್ರಗಳನ್ನು ನಿಮ್ಮ ಪ್ರಚಾರಕ್ಕೆ ಬಳಸಬೇಕಾದರೆ ಆ ಅನುಮತಿಯನ್ನು ಮೊದಲೇ ಬರೆಸಿಕೊಳ್ಳಬೇಕು. ಬರೆದುಕೊಟ್ಟಿದ್ದರೂ, ಮಕ್ಕಳ ಚಿತ್ರವನ್ನು ಜಾಲತಾಣಗಳಲ್ಲಿ ಹಾಕುವ ಮುಂಚೆ ತಂದೆತಾಯಿಯನ್ನು ಇನ್ನೊಮ್ಮೆ ಕೇಳುವುದು ಒಳ್ಳೆಯದು. ಸೇವೆಗಳಿಂದ ಬರುವ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಆ ಹಂತ ತಲುಪುವ ಮುಂಚೆಯೇ ಲೆಕ್ಕಪತ್ರ ಬರೆದಿಡುವ ಅಭ್ಯಾಸವಿರಲಿ.

ಹಂತ 9: ಆಷಾಢದ ಬಿಡುವು

ಆಷಾಢದಲ್ಲಿ ಮದುವೆಗಳಿಲ್ಲ, ಧನುರ್ಮಾಸದಲ್ಲೂ ಬಹುಮಟ್ಟಿಗೆ ಇಲ್ಲ. ಸಂಪಾದನೆ ನಿಲ್ಲುವ ಈ ತಿಂಗಳುಗಳಿಗಾಗಿ ವೈಶಾಖದ ದುಡಿಮೆಯಲ್ಲಿ ಒಂದಿಷ್ಟು ಎತ್ತಿಡದಿದ್ದರೆ, ಕ್ಯಾಮೆರಾ ಮಾರುವ ಪರಿಸ್ಥಿತಿ ಬರುತ್ತದೆ. ಆಷಾಢವೆಂದರೆ ಮಳೆಗಾಲವೂ ಹೌದು. ಮಲೆನಾಡು ಕರಾವಳಿಗಳಲ್ಲಿ ಚೀಲದೊಳಗೆ ಮುಚ್ಚಿಟ್ಟ ಲೆನ್ಸಿನ ಗಾಜಿಗೆ ಜೇಡನ ಬಲೆಯಂತೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜತೆ ಇಟ್ಟು, ಒಳಗಿನ ತೇವಾಂಶ ಶೇಕಡಾ 40 ರಿಂದ 50ರ ನಡುವೆ ಇರುವಂತೆ ಒಂದು ಸಣ್ಣ ಮಾಪಕ ಹಾಕಿ, ವಾರಕ್ಕೊಮ್ಮೆ ಹೊರತೆಗೆದು ಬಳಸಿ.

ವರ್ಷದ ಎಲ್ಲ ಕೆಲಸಗಳಿಂದ ತಲಾ ಹತ್ತು ಕೆಟ್ಟ ಚಿತ್ರಗಳನ್ನು ಆರಿಸಿ, ಪ್ರತಿಯೊಂದರ ಕೆಳಗೂ ಕಾರಣ ಬರೆಯಿರಿ: ಜಾಗ ತಪ್ಪಿತೇ, ಬೆಳಕು ತಪ್ಪಿತೇ, ಕ್ಷಣ ತಪ್ಪಿತೇ. ನನ್ನ ಮೊದಲ ವರ್ಷದ ಪಟ್ಟಿಯಲ್ಲಿ ಹತ್ತರಲ್ಲಿ ಏಳಕ್ಕೆ ಕಾರಣ ಜಾಗವೇ ಆಗಿತ್ತು. ಹೊಸ ಲೆನ್ಸಿಗೆಂದು ಕೂಡಿಟ್ಟಿದ್ದ ಹಣದಲ್ಲಿ ಆ ವರ್ಷ ಮಂಟಪದ ಅಂಚಿನಲ್ಲಿ ಕೂರಲು ಒಂದು ಗಿಡ್ಡ ಮಣೆಯನ್ನೂ ಮೊಣಕಾಲಿಗೆ ಪಟ್ಟಿಯನ್ನೂ ಕೊಂಡು, ಉಳಿದದ್ದನ್ನು ಶ್ರಾವಣದ ಮುಹೂರ್ತಗಳಿಗೆಂದು ಎರಡನೆಯ ಬಾಡಿಯ ಬಾಡಿಗೆಗೆ ಎತ್ತಿಟ್ಟೆ.